ಮುಂದಿನ ಗಾಲಿಗೆ ಹಿಂದಿನ ಗಾಲಿಯ ಲೆಕ್ಕ

"ಹಿಂದಿನವು ಇನ್ನಾ ಎರಡ್ ವರ್ಷ ಬರ್ತಾವು. ಮುಂದಿನವೆರಡು ಅಷ್ಟೇ ಹಾಕಿಬಿಡ್ರಿ ಮೇಸ್ತ್ರಿ."

"ಹಾಕ್ತೀನಣ್ಣ. ಆಮ್ಯಾಲೆ ಗೇರ್ ಹಾಕ್ಸಾಕ ಬರ್ರಿ."

ಆದೋನಿಯ ಟ್ರ್ಯಾಕ್ಟರ್ ಟೈರ್ ಅಂಗಡಿಗಳಲ್ಲಿ ಇಂಥ ಮಾತು ಹೊಸದಲ್ಲ. ಬೋರ್ಡು ತೆಲುಗಿನದು, ಚೌಕಾಶಿ ಅರ್ಧ ತೆಲುಗು ಅರ್ಧ ಕನ್ನಡ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಗೆರೆ ಬಿದ್ದರೂ ಎರೆಮಣ್ಣು ಎರಡು ಕಡೆಗೂ ಒಂದೇ. ಸಿರುಗುಪ್ಪದ ಹೊಲದಲ್ಲಿ ಹೂತುಕೊಳ್ಳುವ ಟ್ರ್ಯಾಕ್ಟರ್ ಹೊಳಗುಂದದ ಹೊಲದಲ್ಲೂ ಹಾಗೇ ಹೂತುಕೊಳ್ಳುತ್ತದೆ.

ಹತ್ತಿಯ ಊರು ಆದೋನಿ. ಸುತ್ತಲಿನ ಎರೆಹೊಲ ಒಣಗಿದಾಗ ಕಲ್ಲಿನಂತೆ ಬಿರಿಯುತ್ತದೆ, ನೆನೆದಾಗ ಗಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರು ಮುಟ್ಟುವ ಕಡೆ ಭತ್ತದ ಕೆಸರುಗದ್ದೆಯೂ ಉಂಟು. ಅಲ್ಲಿ ಎರಡು ಗಾಲಿಯಷ್ಟೇ ಎಳೆಯುವ ಟ್ರ್ಯಾಕ್ಟರ್ ಒಂದೆರಡು ಮಾರು ಹೋಗಿ, ನಿಂತಲ್ಲೇ ಗಾಲಿ ತಿರುಗಿಸುತ್ತ ಕೂರುತ್ತದೆ. ಮುಂದಿನ ಗಾಲಿಗೂ ಎಂಜಿನ್ನಿನ ಬಲ ಕೊಡುವ ಫೋರ್‌ವೀಲ್ ಡ್ರೈವ್ ರೈತರಿಗೆ ಹಿಡಿಸಿದ್ದು ಇದಕ್ಕೇ.

ಈ ಗಾಡಿಯನ್ನು ಕೊಂಡವರಿಗೆ ಟೈರ್ ಸವೆಯುವ ತನಕ ಗೊತ್ತಾಗದ ಒಂದು ಗುಟ್ಟಿದೆ. ಎರಡು ಗಾಲಿ ಎಳೆಯುವ ಟ್ರ್ಯಾಕ್ಟರಿನಲ್ಲಿ ಮುಂದಿನ ಟೈರ್ ಬರೀ ದಾರಿ ತೋರಿಸುತ್ತದೆ. 6.00-16 ಅಳತೆಯ ಆ ಸಣ್ಣ ಟೈರು ಅರ್ಧ ಸವೆದಿದ್ದರೂ ಗೇರಿಗೆ ಅದರ ಗೊಡವೆಯಿಲ್ಲ. ಫೋರ್‌ವೀಲ್ ಹಾಕಿದ ಗಳಿಗೆ ಹಾಗಲ್ಲ. ಮುಂದಿನ ಆಕ್ಸಲ್ಲೂ ಹಿಂದಿನದೂ ಗೇರಿನಿಂದ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಹಿಂದಿನದು ಇಷ್ಟು ಸುತ್ತು ತಿರುಗಿದರೆ ಮುಂದಿನದು ಇಷ್ಟೇ ತಿರುಗಬೇಕು. ನಾಲ್ಕೂ ಗಾಲಿ ಎಳೆಯುವ ಕೆಲವು ಕಾರುಗಳಲ್ಲಿ ಇರುವಂತೆ ಹೆಚ್ಚುಕಮ್ಮಿಯನ್ನು ನುಂಗಿಕೊಳ್ಳುವ ಡಿಫರೆನ್ಷಿಯಲ್ ಎರಡು ಆಕ್ಸಲ್‌ಗಳ ನಡುವೆ ಇರುವುದಿಲ್ಲ. ಅಂದರೆ ಟೈರೂ ಗೇರ್‌ಬಾಕ್ಸಿನ ಒಂದು ಬಿಡಿಭಾಗ, ಆದರೆ ರಬ್ಬರಿನದು, ದಿನಾ ಸವೆಯುವಂಥದು.

ಟೈರಿನ ಮೈಮೇಲೆ ಬರೆದ ಅಂಕಿ ಓದುವುದು ಸುಲಭ. 13.6-28 ಅಂದರೆ ಟೈರಿನ ಅಗಲ 13.6 ಇಂಚು, ರಿಮ್ಮಿನ ವ್ಯಾಸ 28 ಇಂಚು. ನಡುವೆ ಅಡ್ಡಗೆರೆಯ ಬದಲು ಆರ್ ಅಕ್ಷರವಿದ್ದರೆ ಅದು ರೇಡಿಯಲ್. ಮುಂದಿನದು 8-18 ಇರಬಹುದು, ದೊಡ್ಡ ಗಾಡಿಯಾದರೆ 9.5-24. ಆದರೆ ಈ ಅಂಕಿಗಳು ಮೇಸ್ತ್ರಿಗೆ ಬೇಕಾದದ್ದನ್ನು ಹೇಳುವುದಿಲ್ಲ. ಅವನಿಗೆ ಬೇಕಿರುವುದು ಉರುಳುವ ಸುತ್ತಳತೆ: ಒಂದು ಸುತ್ತು ತಿರುಗಿದಾಗ ಗಾಲಿ ನೆಲದ ಮೇಲೆ ಎಷ್ಟು ದೂರ ಹೋಯಿತು ಎಂಬ ಲೆಕ್ಕ. ಒಂದೇ ಅಂಕಿಯ ಟೈರು ಬೇರೆ ಬೇರೆ ಕಂಪನಿಯದಾದರೆ ಈ ಅಳತೆ ಒಂದೇ ಇರಬೇಕೆಂದಿಲ್ಲ. ಗಾಳಿ ಕಮ್ಮಿಯಾದರೂ, ಮುಂದೆ ಲೋಡರ್ ಕಟ್ಟಿದರೂ ಬದಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸವೆದಷ್ಟೂ ಕುಗ್ಗುತ್ತದೆ.

ಹಾಗಾದರೆ ಎರಡು ಆಕ್ಸಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ವೇಗದಲ್ಲಿ ಓಡಬೇಕೆ? ಬೇಡ. ಮುಂದಿನದು ಹಿಂದಿನದಕ್ಕಿಂತ ಚೂರು ಮುಂದಿರಬೇಕು. ಹಿಂದಿನದು ದೂಡಿ, ಮುಂದಿನದು ತಡೆಹಾಕುವಂತಾದರೆ ಫೋರ್‌ವೀಲ್ ಇದ್ದೂ ಇಲ್ಲದಂತೆ. ತಿರುವಿನಲ್ಲಿ ಮುಂದಿನ ಗಾಲಿಗಳು ದೊಡ್ಡ ಬಳಸುದಾರಿಯಲ್ಲಿ ಸುತ್ತಿಬರುತ್ತವೆ, ಅದಕ್ಕೂ ಈ ಮುಂದಾಳುತನ ಬೇಕು. ಮೆಕ್ಯಾನಿಕ್‌ಗಳು ಇದಕ್ಕೆ ಲೀಡ್ ಅನ್ನುತ್ತಾರೆ. ಸಾಮಾನ್ಯವಾಗಿ ಶೇಕಡಾ 1ರಿಂದ 5ರ ಒಳಗೆ ಇದ್ದರೆ ಸರಿ.

ಈಗ ಒಂದು ಲೆಕ್ಕ ಮಾಡಿ ನೋಡೋಣ. ಹಿಂದಿನ ಗಾಲಿ ಒಂದು ಸುತ್ತಿಗೆ 4 ಮೀಟರ್ ಹೋಗುತ್ತದೆ, ಗೇರಿನ ಅನುಪಾತ 1.5 ಎಂದಿಟ್ಟುಕೊಳ್ಳಿ: ಹಿಂದಿನದು 10 ಸುತ್ತಿದರೆ ಮುಂದಿನದು 15 ಸುತ್ತಲೇಬೇಕು. ಮುಂದಿನ ಟೈರ್ ಒಂದು ಸುತ್ತಿಗೆ 2.75 ಮೀಟರ್ ಹೋಗುವಂಥದಾದರೆ ಲೀಡ್ ಸುಮಾರು ಶೇಕಡಾ 3, ಬಲು ಚೆನ್ನ. ಆ ಮುಂದಿನ ಟೈರಿನ ಲಗ್ಗುಗಳು, ಅಂದರೆ ನೆಲ ಕಚ್ಚುವ ರಬ್ಬರಿನ ಉಬ್ಬುಗಳು, 20 ಮಿಲಿಮೀಟರ್ ಸವೆದವು ಅನ್ನಿ. ಸುತ್ತಳತೆಯಲ್ಲಿ ಸುಮಾರು 12.5 ಸೆಂಟಿಮೀಟರ್ ಹೋಯಿತು. ಶೇಕಡಾ 3 ಇದ್ದ ಲೀಡ್ ಸೊನ್ನೆ ದಾಟಿ ಕೆಳಗಿಳಿಯಿತು. ಎಳೆಯಬೇಕಾದ ಮುಂದಿನ ಗಾಲಿ ಈಗ ಕಾಲೂರಿ ಬ್ರೇಕ್ ಹಾಕುತ್ತಿದೆ. ಅಂಗಡಿಗೆ ಬಂದ ಅಣ್ಣನ ಕತೆ ಇದಕ್ಕೆ ತದ್ವಿರುದ್ಧ. ಅವನ ಹಿಂದಿನವು 20 ಮಿಲಿಮೀಟರ್ ಸವೆದಿವೆ, ಮುಂದಕ್ಕೆ ಹೊಚ್ಚಹೊಸವು ಬೇಕು. ಆಗ ಲೀಡ್ ಶೇಕಡಾ 6 ದಾಟುತ್ತದೆ. ಮುಂದಿನ ಗಾಲಿ ಹಿಂದಿನದನ್ನು ದರದರ ಎಳೆಯಲು ಹೋಗಿ ಹೊಸ ರಬ್ಬರನ್ನು ತಾನೇ ಅರೆದುಕೊಳ್ಳುತ್ತದೆ.

ಕೆಸರಿನಲ್ಲಿ ಈ ಜಗಳ ಕಾಣುವುದಿಲ್ಲ. ಗಾಲಿ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ, ಎರೆಮಣ್ಣು ದೊಡ್ಡ ಮನಸ್ಸಿನದು. ಹತ್ತಿ ಹೇರಿಕೊಂಡು ಡಾಂಬರು ರಸ್ತೆಗೆ ಬಂದಾಗ ಫೋರ್‌ವೀಲ್ ತೆಗೆಯಲು ಮರೆತರೆ ಬಣ್ಣ ಬಯಲಾಗುತ್ತದೆ. ಜಾರಲು ಜಾಗವಿಲ್ಲದೆ, ಮುಂದಿನ ಆಕ್ಸಲ್ಲಿಗೆ ಬಲ ಒಯ್ಯುವ ಶಾಫ್ಟು ಹಗ್ಗದಂತೆ ಹುರಿಗೊಳ್ಳುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ಗಾಡಿ ಕುಪ್ಪಳಿಸುತ್ತದೆ, ಫೋರ್‌ವೀಲ್ ಲಿವರ್ ಕಚ್ಚಿಕೊಂಡು ಕದಲುವುದೇ ಇಲ್ಲ. ಲಿವರಿಗೆ ಒದೆಯುವುದು ತಪ್ಪು. ಗಾಡಿಯನ್ನು ನಾಲ್ಕು ಅಡಿ ರಿವರ್ಸ್ ತಗೊಂಡರೆ ಹುರಿ ಬಿಚ್ಚಿ, ಲಿವರ್ ತಾನಾಗಿ ಬರುತ್ತದೆ. ಇದು ಗೊತ್ತಿಲ್ಲದೆ ಓಡಿಸುತ್ತ ಹೋದರೆ ಮೊದಲು ಆಯಿಲ್ ಸೀಲ್ ಸೋರುತ್ತದೆ, ಆಮೇಲೆ ಗೇರಿನ ಹಲ್ಲು ಮುರಿಯುತ್ತದೆ.

ಹಳೆಯ ಗಾಡಿಗಳದೇ ಹೆಚ್ಚಿನ ಪಜೀತಿ. ಕಂಪನಿ ಕೊಟ್ಟ ಅಳತೆ ಸಿಗದಾದಾಗ 'ಹತ್ತಿರದ್ದು ಯಾವುದಿದ್ದರೂ ನಡೀತದೆ' ಎಂದು ಕೂರಿಸುತ್ತಾರೆ. ಹಿಂದಿನದಕ್ಕೆ ಹೊಸ ರಬ್ಬರ್ ಪಟ್ಟಿ ಕೂರಿಸಿ ರೀಬಟನ್ ಮಾಡಿಸಿ ಮುಂದಿನದನ್ನು ಹಾಗೇ ಬಿಡುವವರೂ ಇದ್ದಾರೆ. ರೀಬಟನ್ ತಪ್ಪಲ್ಲ, ಹಣ ಉಳಿಯುತ್ತದೆ. ಆದರೆ ಹಾಕಿದ ಪಟ್ಟಿಯ ಎತ್ತರವೂ ಲೆಕ್ಕಕ್ಕೆ ಬರಬೇಕು. ಹಳೆಯ ಜೀಪಿನವರಿಗೆ ಈ ತಲೆನೋವು ಕಮ್ಮಿ, ನಾಲ್ಕೂ ಗಾಲಿ ಒಂದೇ ಅಳತೆ. ಹೊರದೇಶದ ತೋಟಗಳಲ್ಲಿ ಓಡುವ ನಾಲ್ಕು ಗಾಲಿಯ ಬೈಕಿನಂಥ ಎಟಿವಿಗಳಲ್ಲೂ ಹಿಂದಿನ ಟೈರ್ ಅಗಲ, ಮುಂದಿನದು ಸಪೂರ, ಎತ್ತರ ಮಾತ್ರ ಎಷ್ಟೋ ಗಾಡಿಗಳಲ್ಲಿ ಒಂದೇ. ಅಲ್ಲಿ ಅಗಲ ಕಂಡು ಮೋಸಹೋಗುವವರು ಎತ್ತರ ನೋಡುವುದನ್ನು ಮರೆಯುತ್ತಾರೆ. ಟ್ರ್ಯಾಕ್ಟರಿನಲ್ಲಿ ಎತ್ತರವೇ ಬೇರೆಬೇರೆ ಇರುವುದರಿಂದ ಕಣ್ಣಳತೆಗೆ ಏನೂ ಸಿಗುವುದಿಲ್ಲ.

ಹಾಗಾಗಿ ಸೀಮೆಸುಣ್ಣ. ತಿಳಿದ ಮೇಸ್ತ್ರಿಯ ಪರೀಕ್ಷೆಗೆ ಬೇಕಾದ ಸಾಮಾನು ಅಷ್ಟೇ. ನಾಲ್ಕರಲ್ಲೂ ಗಾಳಿ ಸರಿಮಾಡಿ, ಫೋರ್‌ವೀಲ್ ತೆಗೆದು, ಮಟ್ಟವಾದ ಗಟ್ಟಿ ರಸ್ತೆಯಲ್ಲಿ ನಿಲ್ಲಿಸುತ್ತಾನೆ. ಹಿಂದಿನ ಟೈರಿಗೊಂದು ಗುರುತು, ಮುಂದಿನದಕ್ಕೊಂದು ಗುರುತು. ಗಾಡಿ ನೆಟ್ಟಗೆ ಮೆಲ್ಲಗೆ ಹೊರಡುತ್ತದೆ. ಒಬ್ಬ ಹಿಂದಿನದನ್ನು ಎಣಿಸುತ್ತಾನೆ, ಇನ್ನೊಬ್ಬ ಮುಂದಿನದನ್ನು. ಹಿಂದಿನದು ಹತ್ತು ತುಂಬಿದಾಗ ನಿಲ್ಲಿಸಬೇಕು. ಅನುಪಾತ ಗಾಡಿಯ ಪುಸ್ತಕದಲ್ಲಿರುತ್ತದೆ. ನಮ್ಮ ಲೆಕ್ಕದ ಗಾಡಿಯಾದರೆ ಮುಂದಿನದು ಹದಿನೈದಕ್ಕೆ ಅರ್ಧ ಸುತ್ತು ಕಮ್ಮಿಯಿರುವಾಗ ನಿಂತರೆ ಜೋಡಿ ಕೂಡಿದೆ ಎಂದರ್ಥ: ಗೇರು ಹದಿನೈದು ಸುತ್ತಿಸಬೇಕೆನ್ನುತ್ತದೆ, ನೆಲ ಹದಿನಾಲ್ಕೂವರೆ ಸಾಕೆನ್ನುತ್ತದೆ, ಆ ಅರ್ಧ ಸುತ್ತೇ ಲೀಡ್. ಹದಿನೈದು ದಾಟಿತೋ, ಮುಂದಿನವು ಸಣ್ಣವಾದವು. ಹದಿನಾಲ್ಕರ ಹತ್ತಿರವೇ ನಿಂತಿತೋ, ದೊಡ್ಡವು.

ಆ ಅಣ್ಣನ ಗಾಡಿಯಲ್ಲಿ ಹೊಸ ಟೈರ್ ಕೂರಿಸಿ ಎಣಿಸಿದರೆ ಮುಂದಿನ ಗುರುತು ಹದಿನಾಲ್ಕು ದಾಟಿದ್ದೇ ನಿಲ್ಲುತ್ತದೆ. ಆಗ ದಾರಿ ಎರಡೇ. ನಾಲ್ಕನ್ನೂ ಹೊಸದು ಹಾಕಿಸಬೇಕು, ಇಲ್ಲವೇ ಮುಂದಕ್ಕೆ ಅಷ್ಟೇ ಸವೆದ ಒಂದು ಹಳೆಯ ಜೋಡಿ ಹುಡುಕಿ ಹಿಂದಿನವಕ್ಕೆ ಸರಿದೂಗಿಸಬೇಕು. ಎರಡನೆಯದು ಅಗ್ಗ. ಟೈರ್ ಅಂಗಡಿಯ ಹಿಂದೆ ರಾಶಿಬಿದ್ದ ಸವೆದ ಟೈರುಗಳ ನಡುವೆ ಟೇಪು ಹಿಡಿದು ಕುಕ್ಕರಗಾಲಲ್ಲಿ ಕೂತ ರೈತನನ್ನು ಕಂಡರೆ, ಅವನು ಹಳೇ ಸಾಮಾನು ಕೊಳ್ಳಲು ಬಂದವನಲ್ಲ, ತನ್ನ ಹಿಂದಿನ ಗಾಲಿಗೆ ಜೊತೆ ನೋಡುತ್ತಿದ್ದಾನೆ.