ಕಾಲೇಜು ಸಂಘಗಳಿಗೊಂದು ಆ್ಯಪ್: ಕಟ್ಟುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ

ಕನ್ನಡ ಸಂಘದ ಕವಿಗೋಷ್ಠಿ ಸಂಜೆ ನಾಲ್ಕಕ್ಕೆ. ಕೊನೆ ಗಳಿಗೆಯಲ್ಲಿ ಸೆಮಿನಾರ್ ಹಾಲ್ ಸಿಗಲಿಲ್ಲ. ಜಾಗ ಎರಡನೇ ಮಹಡಿಯ ಕೊಠಡಿಗೆ ಬದಲಾಯಿತು. ಕಾರ್ಯದರ್ಶಿ ಕೂಡಲೇ ವಾಟ್ಸಾಪ್ ಗುಂಪಿಗೆ ಹಾಕಿದಳು. ಅದರ ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯ ಬಂತು, ಇಂಟರ್ನಲ್ಸ್ ಅಂಕದ ಪ್ರಶ್ನೆ ಬಂತು, ಕಳೆದುಹೋದ ಕ್ಯಾಲ್ಕುಲೇಟರಿನ ಫೋಟೋ ಬಂತು. ನಾಲ್ಕು ಗಂಟೆಗೆ ಅರ್ಧ ಜನ ಬೀಗ ಹಾಕಿದ ಹಾಲಿನ ಮುಂದೆ ನಿಂತಿದ್ದರು. ನಿಮ್ಮ ಕಾಲೇಜಿನಲ್ಲೂ ಇಂಥದ್ದು ನಡೆದಿರುತ್ತದೆ. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ನಮ್ಮದೇ ಒಂದು ಆ್ಯಪ್ ಮಾಡಿಬಿಡೋಣ."

ಮಾಡಬಹುದು. ಎರಡು ಮೂರು ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಮಾಡಿ ಮುಗಿಸುವಷ್ಟೇ ಕೆಲಸ ಇದು. ಕಷ್ಟ ಇರುವುದು ಆಮೇಲೆ. ಫೈನಲ್ ಇಯರ್‌ನವರು ಉತ್ಸಾಹದಿಂದ ಕಟ್ಟುತ್ತಾರೆ, ಜೂನ್‌ನಲ್ಲಿ ಕಾಲೇಜು ಬಿಟ್ಟು ಹೋಗುತ್ತಾರೆ. ಪಾಸ್‌ವರ್ಡ್ ಅವರ ಜೊತೆಯೇ ಹೋಗುತ್ತದೆ. ಮುಂದಿನ ವರ್ಷದವರು ಮತ್ತೆ ವಾಟ್ಸಾಪ್ ಗುಂಪು ತೆರೆಯುತ್ತಾರೆ. ಹಾಗಾಗಿ ಮೊದಲ ದಿನದಿಂದಲೇ ಒಂದು ಪ್ರಶ್ನೆಯನ್ನು ಎದುರಿಗಿಟ್ಟುಕೊಳ್ಳಿ: ನಾವು ಹೋದ ಮೇಲೆ ಇದನ್ನು ಯಾರು ನಡೆಸುತ್ತಾರೆ? ಮುಂದೆ ನಾನು ಹೇಳುವ ಸಲಹೆಗಳೆಲ್ಲ ಈ ಪ್ರಶ್ನೆಯಿಂದಲೇ ಹೊರಟವು.

ಇಂಥ ಆ್ಯಪ್ ಅಂದರೆ ಏನು? ಕಾಲೇಜಿನ ಎಲ್ಲ ಸಂಘಗಳಿಗೂ ಸೇರಿದ ಒಂದು ನೋಟಿಸ್ ಬೋರ್ಡ್ ಮತ್ತು ಒಂದು ಹಾಜರಿ ಪುಸ್ತಕ, ಎರಡೂ ಫೋನಿನಲ್ಲಿ. ಒಳ್ಳೆಯ ಮಾದರಿ ಬೇಕೆಂದರೆ ಐಐಟಿ ಬಾಂಬೆಯ ವಿದ್ಯಾರ್ಥಿಗಳೇ ಕಟ್ಟಿ ನಡೆಸುತ್ತಿರುವ 'ಇನ್‌ಸ್ಟಿಆ್ಯಪ್' ನೋಡಿ. ಕ್ಯಾಂಪಸ್ಸಿನ ಕಾರ್ಯಕ್ರಮಗಳು, ಮೆಸ್ಸಿನ ಊಟದ ಪಟ್ಟಿ, ನಕ್ಷೆ ಎಲ್ಲವೂ ಅದರಲ್ಲಿವೆ. ಅದರ ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಗಿಟ್‌ಹಬ್ ಅಂದರೆ ಪ್ರೋಗ್ರಾಂಗಳನ್ನು ಇಟ್ಟು ಹಂಚಿಕೊಳ್ಳುವ ಅಂತರ್ಜಾಲದ ಉಗ್ರಾಣ. ಹೊಸ ಬ್ಯಾಚಿನವರು ಅಲ್ಲಿಂದಲೇ ಓದಿ ಕಲಿತು ಮುಂದುವರಿಸಬಹುದು.

"ಗೂಗಲ್ ಫಾರ್ಮ್ ಸಾಲದೇ?" ಎಂದು ನೀವು ಕೇಳಬಹುದು. ಒಂದೇ ಸಂಘವಾದರೆ ಸಾಕು, ಆ್ಯಪ್ ಕಟ್ಟಲು ಹೋಗಬೇಡಿ. ಒಂದು ಫಾರ್ಮ್, ಒಂದು ಶೀಟ್, ಎಲ್ಲರೂ ನೋಡಬಹುದಾದ ಒಂದು ಗೂಗಲ್ ಕ್ಯಾಲೆಂಡರ್ ಇದ್ದರೆ ಕೆಲಸ ನಡೆಯುತ್ತದೆ. ಎನ್‌ಎಸ್‌ಎಸ್, ಯುವ ರೆಡ್‌ಕ್ರಾಸ್, ಕ್ವಿಜ್ ಕ್ಲಬ್, ರಂಗತಂಡ, ಚಾರಣ ಸಂಘ ಎಂದು ಎಂಟು ಹತ್ತು ಸಂಘಗಳಿದ್ದು, ಒಂದೇ ಶನಿವಾರ ಮೂರು ಕಾರ್ಯಕ್ರಮಗಳು ಢಿಕ್ಕಿ ಹೊಡೆಯುತ್ತಿದ್ದರೆ ಮಾತ್ರ ಆ್ಯಪ್‌ನ ಯೋಚನೆ ಮಾಡಿ.

ಆ್ಯಪ್‌ನ ಪರದೆಗಳನ್ನು ಬಿಡಿಸುವ ಮೊದಲು ಪ್ರತಿ ಸಂಘದ ಕಾರ್ಯದರ್ಶಿಯ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಹೆಚ್ಚು ತಲೆನೋವು ಯಾವುದರದ್ದು ಎಂದು ಕೇಳಿ. ಹಾಜರಿಯ ಲೆಕ್ಕ ಎಂಬ ಉತ್ತರ ಬಂದೇ ಬರುತ್ತದೆ. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ವಿಟಿಯು ಎಂಜಿನಿಯರಿಂಗ್ ವಿದ್ಯಾರ್ಥಿಗಳು 100 ಆ್ಯಕ್ಟಿವಿಟಿ ಪಾಯಿಂಟ್ ಕೂಡಿಸಬೇಕು, ಲ್ಯಾಟರಲ್ ಎಂಟ್ರಿಯವರು 75. ಇವಕ್ಕೆಲ್ಲ ದಾಖಲೆ ಬೇಕು. ಆ ದಾಖಲೆ ಈಗ ಯಾರದೋ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿರುತ್ತದೆ. ಬಿಸಿಲಲ್ಲಿ ಗಿಡ ನೆಟ್ಟ ಹುಡುಗನ ಗಂಟೆಗಳು ಆ ಪುಟದ ಜೊತೆ ಕಳೆದುಹೋದರೆ ಅದು ಅನ್ಯಾಯ. ಈ ಒಂದು ಕೆಲಸವನ್ನು ಆ್ಯಪ್ ಸರಿಯಾಗಿ ಮಾಡಿದರೂ ಜನ ಅದನ್ನು ಫೋನಿನಿಂದ ತೆಗೆದುಹಾಕುವುದಿಲ್ಲ.

ಆದ್ದರಿಂದ ಮೂರೇ ಮೂರು ಸಂಗತಿ ಇಡಿ: ಸಂಘಗಳ ಪಟ್ಟಿ, ಕಾರ್ಯಕ್ರಮಗಳ ಪಟ್ಟಿ, ನನ್ನ ಹಾಜರಿ. ಚಾಟ್ ಬೇಡ. ಹರಟೆಗೆ ವಾಟ್ಸಾಪ್ ಇದ್ದೇ ಇದೆ. ಫೋಟೋ ಆಲ್ಬಂ, ಅಂಕಪಟ್ಟಿ, ಕ್ಯಾಂಟೀನ್ ಮೆನು ಎಲ್ಲ ಆಮೇಲೆ ನೋಡೋಣ.

ಈಗ ವಿನ್ಯಾಸ. ಮೊದಲು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಪರದೆಗಳನ್ನು ಬರೆಯಿರಿ. ಆಮೇಲೆ ಫಿಗ್ಮಾದಲ್ಲಿ ಬಿಡಿಸಿ. ಪರದೆಗಳನ್ನು ಚಿತ್ರಿಸುವ ಈ ಉಪಕರಣದ ಉಚಿತ ಆವೃತ್ತಿಯೇ ನಿಮಗೆ ಸಾಕು. ಆ್ಯಪ್ ತೆರೆದ ಕೂಡಲೇ ಈ ವಾರದ ಕಾರ್ಯಕ್ರಮಗಳು ಕಾಣಬೇಕು: ಏನು, ಯಾವಾಗ, ಎಲ್ಲಿ. ಜಾಗ ಬದಲಾದರೆ ಹಳೆಯ ಜಾಗದ ಮೇಲೆ ಗೆರೆ ಎಳೆದು ಹೊಸದನ್ನು ದಪ್ಪಕ್ಷರದಲ್ಲಿ ತೋರಿಸಿ. ಹಳೆಯದನ್ನು ಅಳಿಸಿಬಿಟ್ಟರೆ, ಮೊದಲೇ ನೋಡಿಕೊಂಡವರಿಗೆ ಬದಲಾವಣೆ ಆಗಿದೆಯೆಂದೇ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಆ್ಯಪ್ ಮಾಡುವವರು ಸ್ವಲ್ಪ ಇಲ್ಲಿ ನಿಲ್ಲಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರವನ್ನೇ ಇಟ್ಟರೆ 'ಕಾರ್ಯಕ್ರಮ', 'ರಾಷ್ಟ್ರೀಯ' ಎಂಬಂಥ ಪದಗಳ ಬುಡ ಕತ್ತರಿಸಿಹೋಗುತ್ತದೆ. ಸಾಲುಗಳ ನಡುವೆ ಅಂತರ ಹೆಚ್ಚಿಸಿ. ಗುಂಡಿಗಳಲ್ಲೂ ಜಾಗ ಬಿಡಿ, ಕನ್ನಡದ ಪದ ಇಂಗ್ಲಿಷಿಗಿಂತ ಉದ್ದವಾಗುವುದೇ ಹೆಚ್ಚು. ನೋಟೊ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಸಣ್ಣ ಪರದೆಯಲ್ಲೂ ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಂದು ತೊಡಕು ಕಚೇರಿಯಿಂದ ಬರುವ ಸುತ್ತೋಲೆಗಳದ್ದು. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಅಂಟಿಸಿದರೆ ಆ್ಯಪ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಅದನ್ನು ಮೊದಲು ಯುನಿಕೋಡಿಗೆ, ಅಂದರೆ ಎಲ್ಲ ಸಾಧನಗಳೂ ಒಂದೇ ರೀತಿ ಓದುವ ಸಂಕೇತಕ್ಕೆ ಬದಲಿಸಿಕೊಳ್ಳಬೇಕು. ಹಾಗೆ ಬದಲಿಸಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ಒಳಗೆ ಕೆಲಸ ಹೇಗೆ ನಡೆಯುತ್ತದೆ? ಎರಡು ಭಾಗ. ಕಣ್ಣಿಗೆ ಕಾಣುವ ಪರದೆಗಳದ್ದು ಒಂದು. ಮಾಹಿತಿ ಕೂಡಿಡುವ ಸರ್ವರ್ ಇನ್ನೊಂದು. ಪರದೆಗಳನ್ನು ಗೂಗಲ್‌ನ ಫ್ಲಟರ್‌ನಲ್ಲೋ ಮೆಟಾ ಹುಟ್ಟುಹಾಕಿದ ರಿಯಾಕ್ಟ್ ನೇಟಿವ್‌ನಲ್ಲೋ ಬರೆದರೆ ಒಂದೇ ಕೋಡ್ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಓಡುತ್ತದೆ. ಆದರೂ ಮೊದಲ ವರ್ಷ ಪಿಡಬ್ಲ್ಯೂಎ ಮಾಡಿ ಎಂದೇ ನಾನು ಹೇಳುವುದು. ಪಿಡಬ್ಲ್ಯೂಎ ಅಂದರೆ ಪ್ರೊಗ್ರೆಸಿವ್ ವೆಬ್ ಆ್ಯಪ್. ಬ್ರೌಸರಿನಲ್ಲಿ ತೆರೆಯುವ ಪುಟವೇ ಫೋನಿನ ಮುಖಪುಟಕ್ಕೆ ಸೇರಿ ಆ್ಯಪ್‌ನಂತೆ ನಡೆಯುತ್ತದೆ. ಸ್ಟೋರ್‌ನ ಅನುಮತಿ ಬೇಡ, ಫೋನಿನಲ್ಲಿ ಹೆಚ್ಚು ಜಾಗವೂ ಬೇಡ. ಐಫೋನ್‌ನಲ್ಲಿ ಮಾತ್ರ ಒಂದು ಷರತ್ತಿದೆ: ಐಒಎಸ್ 16.4 ಅಥವಾ ಅದಕ್ಕಿಂತ ಹೊಸದಿರಬೇಕು, ಮುಖಪುಟಕ್ಕೆ ಸೇರಿಸಿರಲೂ ಬೇಕು. ಆಗಲೇ ನೋಟಿಫಿಕೇಶನ್, ಅಂದರೆ ತಾನಾಗಿ ಮೂಡುವ ಸೂಚನೆ ಬರುತ್ತದೆ.

ಸೂಚನೆ ಕಳಿಸುವ ಅನುಮತಿಯನ್ನು ತೆರೆದ ತಕ್ಷಣ ಕೇಳಬೇಡಿ. ಆಂಡ್ರಾಯ್ಡ್ 13ರಿಂದ ಈಚೆಗೆ ಬಳಕೆದಾರರು ಒಪ್ಪದೆ ಆ್ಯಪ್ ಸೂಚನೆ ಕಳಿಸುವಂತಿಲ್ಲ. ಒಮ್ಮೆ 'ಬೇಡ' ಅಂದವರು ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸುವುದು ಅಪರೂಪ. ವಿದ್ಯಾರ್ಥಿ ತನ್ನ ಸಂಘವನ್ನು ಆರಿಸಿಕೊಂಡ ಮೇಲೆ ಕೇಳಿ. ಅಷ್ಟು ಹೊತ್ತಿಗೆ ಯಾಕೆ ಬೇಕೆಂದು ಅವರಿಗೇ ಗೊತ್ತಿರುತ್ತದೆ.

ಸರ್ವರ್‌ಗೆ ಫೈರ್‌ಬೇಸ್ ಸುಲಭ. ಗೂಗಲ್‌ನ ಈ ಸೇವೆಯಲ್ಲಿ ಲಾಗಿನ್, ಮಾಹಿತಿ ಸಂಗ್ರಹ, ಸೂಚನೆ ಎಲ್ಲ ಒಂದೇ ಕಡೆ ಸಿಗುತ್ತವೆ. ಉಚಿತ ಮಿತಿ ದಿನಕ್ಕೆ 50,000 ಓದು, 20,000 ಬರಹ. ಸರ್ವರ್‌ನಿಂದ ಒಂದು ದಾಖಲೆ ತರಿಸಿದರೆ ಒಂದು ಓದು, ಒಂದನ್ನು ಅಲ್ಲಿ ಸೇರಿಸಿದರೆ ಇಲ್ಲವೇ ಬದಲಿಸಿದರೆ ಒಂದು ಬರಹ. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. 400 ಸದಸ್ಯರು ದಿನಕ್ಕೊಮ್ಮೆ ತೆರೆದು ತಲಾ 20 ಕಾರ್ಯಕ್ರಮ ನೋಡಿದರೆ 8,000 ಓದು ಆಯಿತು, ಚಿಂತೆಯಿಲ್ಲ. ಅದೇ ಹಳೆಯದೆಲ್ಲ ಸೇರಿಸಿ 150 ಕಾರ್ಯಕ್ರಮಗಳನ್ನು ಒಮ್ಮೆಗೇ ತರಿಸಿದರೆ 60,000. ದಿನ ಮುಗಿಯುವ ಮೊದಲೇ ಮಿತಿ ಮುಗಿದು ಆ್ಯಪ್ ನಿಂತುಬಿಡಬಹುದು. ಬೇಕಾದಷ್ಟನ್ನೇ ತರಿಸಿ, ಹಳೆಯದು ಕೇಳಿದರೆ ಮಾತ್ರ ತೋರಿಸಿ.

ಲಾಗಿನ್‌ಗೆ ಎಸ್‌ಎಂಎಸ್ ಒಟಿಪಿ ಬೇಡ. ಪ್ರತಿ ಎಸ್‌ಎಂಎಸ್‌ಗೂ ದುಡ್ಡು ತಗಲುತ್ತದೆ. ಇಮೇಲ್ ಲಾಗಿನ್ ಸಾಕು. ಕಾಲೇಜಿನ ಇಮೇಲ್ ಇಲ್ಲದ ಕಡೆ ಸ್ವಂತ ಜಿಮೇಲ್‌ನಿಂದ ಬರಲಿ, ಕಾರ್ಯದರ್ಶಿ ರಿಜಿಸ್ಟರ್ ನಂಬರ್ ನೋಡಿ ಒಪ್ಪಿಗೆ ಕೊಡಲಿ.

ಹಾಜರಿಗೆ ಕ್ಯೂಆರ್ ಕೋಡ್ ಚೆನ್ನ. ಆದರೆ ಕಾಗದದ ಮೇಲೆ ಅಚ್ಚು ಹಾಕಿದ ಕೋಡ್ ಅಂಟಿಸಿದರೆ ಯಾರೋ ಫೋಟೋ ತೆಗೆದು ಹಾಸ್ಟೆಲಿಗೆ ಕಳಿಸುತ್ತಾರೆ, ಮಂಚದ ಮೇಲೆ ಮಲಗಿದವನಿಗೂ ಹಾಜರಿ ಸಿಗುತ್ತದೆ. ಕಾರ್ಯದರ್ಶಿಯ ಫೋನಿನಲ್ಲಿ ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಕೋಡ್ ಇಡಿ. ಒಂದು ಗಂಟೆಗೆ 120 ಬರಹ ಮಾತ್ರ, ಉಚಿತ ಮಿತಿಯೊಳಗೇ ಮುಗಿಯುತ್ತದೆ. ಎನ್‌ಎಸ್‌ಎಸ್ ಶಿಬಿರ ನಡೆಯುವ ಹಳ್ಳಿಯಲ್ಲಿ ಸಿಗ್ನಲ್ ಸಿಗದಿದ್ದರೆ? ಅಲ್ಲಿ ಕಾರ್ಯದರ್ಶಿಯೇ ಪಟ್ಟಿ ನೋಡಿ ಗುರುತು ಹಾಕಲಿ. ಆ ಗುರುತು ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ಸರ್ವರ್‌ಗೆ ಹೋಗುವಂತೆ ಮಾಡಿ.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು. ವಾಟ್ಸಾಪ್ ಗುಂಪಿಗೆ ಸೇರಿದ ಹುಡುಗಿಯ ನಂಬರ್ ಗುಂಪಿನ ಅಪರಿಚಿತರಿಗೂ ಕಾಣುತ್ತದೆ. ರಾತ್ರಿ ಬರುವ ಮೆಸೇಜುಗಳಿಗೆ ಬೇಸತ್ತು ಸಂಘದ ಸಹವಾಸವನ್ನೇ ಬಿಟ್ಟವರಿದ್ದಾರೆ. ನಿಮ್ಮ ಆ್ಯಪ್‌ನಲ್ಲಿ ಒಬ್ಬ ಸದಸ್ಯರ ಫೋನ್ ನಂಬರ್ ಇನ್ನೊಬ್ಬ ಸದಸ್ಯರಿಗೆ ಕಾಣಲೇಬಾರದು. ಸಾಧ್ಯವಾದರೆ ನಂಬರನ್ನು ಕೇಳಲೇಬೇಡಿ. ಹೆಸರು, ತರಗತಿ, ರಿಜಿಸ್ಟರ್ ನಂಬರ್ ಸಾಕು. ಪಿಯುಸಿ ಮುಗಿಸಿ ಬಂದ ಮೊದಲ ವರ್ಷದವರಲ್ಲಿ ಹಲವರಿಗೆ 18 ತುಂಬಿರುವುದಿಲ್ಲ. ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಪ್ರವೇಶದ ಅರ್ಜಿಯ ಜೊತೆಗೇ ಒಂದು ಒಪ್ಪಿಗೆ ಪತ್ರ ಸೇರಿಸುವ ಬಗ್ಗೆ ಪ್ರಾಂಶುಪಾಲರ ಹತ್ತಿರ ಮಾತಾಡಿ.

ಖರ್ಚು ಎಷ್ಟು? ಪಿಡಬ್ಲ್ಯೂಎ, ಫೈರ್‌ಬೇಸ್‌ನ ಉಚಿತ ಮಿತಿ, ಅದರದ್ದೇ ಉಚಿತ ವಿಳಾಸ ಬಳಸಿದರೆ ದುಡ್ಡೇ ಬೇಡ. ಗೂಗಲ್ ಪ್ಲೇ ಸ್ಟೋರ್‌ಗೆ ಹಾಕಲು ಒಮ್ಮೆ ಮಾತ್ರ 25 ಡಾಲರ್, ಎರಡು ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ. ಆ್ಯಪಲ್‌ಗೆ ಪ್ರತಿ ವರ್ಷ 99 ಡಾಲರ್. ಬೆರಳೆಣಿಕೆಯ ಐಫೋನುಗಳಿಗಾಗಿ ಸಂಘದ ಹಣವನ್ನು ಹೀಗೆ ವರ್ಷವರ್ಷ ಕೊಡಬೇಡಿ, ಅವರಿಗೆ ಪಿಡಬ್ಲ್ಯೂಎ ಇದೆ. ಕಾರ್ಯಕ್ರಮದ ಶುಲ್ಕ ಪಡೆಯುವುದಾದರೆ ಕಾಲೇಜಿನ ಖಾತೆಯ ಯುಪಿಐ ಕೋಡನ್ನೇ ತೋರಿಸಿ. ವಿದ್ಯಾರ್ಥಿಯೊಬ್ಬರ ಸ್ವಂತ ಖಾತೆಗೆ ಹಣ ಹಾಕಿಸಿದರೆ ಆಮೇಲೆ ಲೆಕ್ಕ ಕೊಡುವ ಕಷ್ಟ ಅವರದ್ದಾಗುತ್ತದೆ.

ಪ್ಲೇ ಸ್ಟೋರ್‌ಗೆ ಹಾಕುವವರು ವೇಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ವ್ಯಕ್ತಿಯ ಹೆಸರಿನ ಹೊಸ ಖಾತೆಯಾದರೆ ಕನಿಷ್ಠ 12 ಜನ ಸತತ 14 ದಿನ ಆ್ಯಪ್ ಪರೀಕ್ಷಿಸಿದ ಮೇಲೆ ಬಿಡುಗಡೆಗೆ ಅರ್ಜಿ ಹಾಕಬಹುದು. ಫೆಸ್ಟ್ ಮುಂದಿನ ವಾರ ಇಟ್ಟುಕೊಂಡು ಈಗ ಹೊರಟರೆ ಆಗುವುದಿಲ್ಲ. ಖಾಸಗಿತನದ ನೀತಿ ಬರೆದಿರಬೇಕು, ಖಾತೆ ಅಳಿಸುವ ದಾರಿಯೂ ಇರಬೇಕು.

ಕೊನೆಗೆ ಮತ್ತೆ ಆ ಮೊದಲ ಪ್ರಶ್ನೆ. ಗಿಟ್‌ಹಬ್, ಫೈರ್‌ಬೇಸ್, ಪ್ಲೇ ಸ್ಟೋರ್ ಮೂರನ್ನೂ ಸಂಘದ ಹೆಸರಿನ ಒಂದು ಇಮೇಲ್‌ನಿಂದ ತೆರೆಯಿರಿ, ನಿಮ್ಮ ಸ್ವಂತದ್ದರಿಂದ ಬೇಡ. ಆ ಇಮೇಲ್‌ನ ಪಾಸ್‌ವರ್ಡ್ ಸಂಚಾಲಕ ಅಧ್ಯಾಪಕರ ಹತ್ತಿರ ಇರಲಿ. ಪಾಸ್‌ವರ್ಡ್ ಮರೆತರೆ ಬಳಸುವ ಫೋನ್ ನಂಬರ್ ಕೂಡ ಅವರದ್ದೇ ಇರಲಿ. ಕಾರ್ಯದರ್ಶಿಯ ಅಧಿಕಾರವನ್ನು ಶೈಕ್ಷಣಿಕ ವರ್ಷಕ್ಕೆ ಕಟ್ಟಿ. ಜೂನ್ ಬಂದಾಗ ಹಳಬರ ಅಧಿಕಾರ ತಾನೇ ಮುಗಿದು, ಸಂಚಾಲಕರು ಹೊಸಬರ ಹೆಸರು ಹಾಕುವಂತಿರಬೇಕು. ಆ್ಯಪ್ ನಡೆಸುವ ಬಗೆಯನ್ನು ಎರಡು ಪುಟ ಕನ್ನಡದಲ್ಲಿ ಬರೆದಿಡಿ. ಏಪ್ರಿಲ್‌ನಲ್ಲಿ ಎರಡನೇ ವರ್ಷದ ಇಬ್ಬರನ್ನು ಕರೆದು, ಆ ಎರಡು ಪುಟ ಮಾತ್ರ ಕೈಗೆ ಕೊಟ್ಟು, ಒಂದು ಕಾರ್ಯಕ್ರಮ ಸೇರಿಸಿ ಹಾಜರಿ ತೆಗೆಯಲು ಹೇಳಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಆ್ಯಪ್ ತಿದ್ದಿ. ಅದಕ್ಕೆ ಇನ್ನೂ ಎರಡು ತಿಂಗಳು ನಿಮ್ಮ ಕೈಯಲ್ಲಿರುತ್ತದೆ.