ಕುದುರೆಯ ಮೇಲೊಂದು ಎಳೆ ನೂಲು

ಬೆಳಗಾವಿ ಜಿಲ್ಲೆಯ ಸದಲಗಾದ ಸಂತೆಯಲ್ಲಿ ‘ಜವಾರಿ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜವಾರಿ ಸವತಿಕಾಯಿ, ಜವಾರಿ ಬದನೆ, ಜವಾರಿ ಆಕಳು: ಇಲ್ಲಿನ ಮಣ್ಣಿನದು, ಇಲ್ಲಿನ ರುಚಿಯದು. ದೂಧಗಂಗೆ ದಾಟಿ ಗಡಿಯಾಚೆ ಮಹಾರಾಷ್ಟ್ರದ ಮಿರಜಿಗೆ ಹೋದರೆ ಅದೇ ಮಾತಿಗೆ ಬೇರೆ ಅರ್ಥ. ಅಲ್ಲಿನ ತಂತಿವಾದ್ಯದ ಅಂಗಡಿಗಳಲ್ಲಿ ಜವಾರಿ ಎಂದರೆ ತಂಬೂರಿಯ ಕುದುರೆಯನ್ನು, ಅಂದರೆ ತಂತಿಗಳನ್ನು ಹೊರುವ ಪಟ್ಟಿಯನ್ನು, ಅರದಿಂದ ತಿದ್ದಿ ನಾದ ಅರಳಿಸುವ ಕೆಲಸ. ಆ ಕೆಲಸಕ್ಕೆ ಕೊನೆಯ ಹದ ಕೊಡುವುದು ಬಟ್ಟೆ ಹೊಲಿಯುವ ಹತ್ತಿ ನೂಲಿನ ಒಂದು ಎಳೆ.

ಮಿರಜಿನ ಈ ಕಸುಬಿಗೆ ಒಂದೂವರೆ ಶತಮಾನಕ್ಕೂ ಮೀರಿದ ವಯಸ್ಸು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು, ಕತ್ತಿಗಳಿಗೆ ಬೇಡಿಕೆ ಕುಗ್ಗಿದಾಗ ವಾದ್ಯಗಳ ಕಡೆ ಹೊರಳಿದರು. ಈ ಪರಂಪರೆಯ ಮೊದಲಿಗರೆಂದು ಫರೀದ್ ಸಾಹೇಬರ ಹೆಸರು ಹೇಳುತ್ತಾರೆ. ಅವರ ಪೀಳಿಗೆಯವರಿಗೆ ಕಸುಬೇ ಅಡ್ಡಹೆಸರಾಗಿ ‘ಸಿತಾರಮೇಕರ್’ ಎಂಬುದು ಅಂಟಿಕೊಂಡಿತು. ವಾದ್ಯದ ಬುರುಡೆಗೆ ಬೇಕಾದ ಕಹಿಗುಂಬಳ ಬೆಳೆಯುವುದು ಪಂಢರಪುರ, ಮಂಗಳವೇಢೆಯ ಕಡೆಯ ಹೊಲಗಳಲ್ಲಿ. ಅದನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕೊರೆದು, ಮರದ ದಂಡಿಗೆ ಕೂಡಿಸುತ್ತಾರೆ. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ದೊರೆಯಿತು.

ಬುರುಡೆ ಎಷ್ಟೇ ಚೆಂದವಿರಲಿ, ತಂಬೂರಿಯ ದನಿ ನಿಂತಿರುವುದು ಕುದುರೆಯ ಮೇಲೆ. ಪಿಟೀಲಿನ ಕುದುರೆಯ ಅಂಚು ತೆಳು. ತಂಬೂರಿಯದು ಪುಟ್ಟ ಮಣೆಯಂತೆ ಅಗಲ. ಅದರ ಬೆನ್ನು ಸಮತಟ್ಟಾಗಿ ಕಂಡರೂ ಕಣ್ಣಿಗೆ ಸಿಗದಷ್ಟು ಇಳಿಜಾರು ಅಲ್ಲಿದೆ. ಮೀಟಿದ ತಂತಿ ಆ ಇಳಿಜಾರನ್ನು ಸವರುತ್ತ, ಬಿಡುತ್ತ, ಮತ್ತೆ ಸವರುತ್ತ ಕಂಪಿಸುತ್ತದೆ. ಆ ಸವರುವಿಕೆಯಿಂದಲೇ ಮೂಲಸ್ವರದ ಬೆನ್ನಿಗೆ ಮೇಲಿನ ಉಪಸ್ವರಗಳು ಒಂದೊಂದಾಗಿ ಎದ್ದು ಬರುತ್ತವೆ.

ಈಗ ನೂಲಿನ ಸರದಿ. ತಂತಿಗೂ ಕುದುರೆಗೂ ನಡುವೆ ಒಂದು ಎಳೆ ತೂರಿಸಿ, ಬೆರಳ ತುದಿಯಿಂದ ಹಿಂದೆ ಮುಂದೆ ಸರಿಸುತ್ತಾರೆ. ಒಂದೆಡೆ ತಂತಿ ಮಂಕಾಗಿ ಟಿಣ್ ಎನ್ನುತ್ತದೆ. ಕೂದಲೆಳೆಯಷ್ಟು ಸರಿದರೆ ಜೇನುನೊಣದ ಝೇಂಕಾರ. ಇನ್ನಷ್ಟು ಸರಿದರೆ ಕರಕರ. ಸಂಗೀತಗಾರರು ಈ ನೂಲನ್ನು ಜೀವಾಳಿ ಎನ್ನುತ್ತಾರೆ. ನಾಲ್ಕು ತಂತಿಗೆ ನಾಲ್ಕು ಎಳೆ. ಪ್ರತಿಯೊಂದಕ್ಕೂ ಅದರದೇ ಜಾಗ.

ವಿಜ್ಞಾನಿ ಸಿ.ವಿ. ರಾಮನ್ 1921ರಲ್ಲಿ ವೀಣೆ, ತಂಬೂರಿಗಳ ಮೇಲೆ ಒಂದು ಪ್ರಬಂಧ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಒಂದು ಉಪಸ್ವರ ಏಳಬಾರದೆಂದು ಹಳೆಯ ನಿಯಮ ಹೇಳುತ್ತಿತ್ತೋ, ಅಲ್ಲೇ ಮೀಟಿದರೂ ಈ ವಾದ್ಯಗಳಲ್ಲಿ ಆ ಉಪಸ್ವರ ಗಟ್ಟಿಯಾಗಿ ಕೇಳಿಸುವುದನ್ನು ಅವರು ಗುರುತಿಸಿದರು. ಕಾರಣ ಈ ಅಗಲ ಕುದುರೆಯೇ. ಕುಶಲಕರ್ಮಿಗಳ ಕಿವಿ ತಲೆಮಾರುಗಳಿಂದ ಹಿಡಿದಿಟ್ಟುಕೊಂಡಿದ್ದ ಸಂಗತಿಗೆ ಹೀಗೆ ಭೌತಶಾಸ್ತ್ರದ ಸಾಕ್ಷಿ ಸಿಕ್ಕಿತು.

ಇಂಥದೇ ಸಣ್ಣ ಅಂತರದ ಲೆಕ್ಕ ಎಲೆಕ್ಟ್ರಿಕ್ ಬೇಸ್ ಗಿಟಾರಿನಲ್ಲೂ ಇದೆ. ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಿಂದ ಮನೆಮಾತಾದ ಈ ವಾದ್ಯದಲ್ಲಿ ಬುರುಡೆಯ ಕೆಲಸ ಮಾಡುವುದು ಪಿಕಪ್: ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಸಣ್ಣ ತಂತಿ. ಪಿಕಪ್ ತಂತಿಗಳಿಗೆ ಹತ್ತಿರವಾದಷ್ಟೂ ಸದ್ದು ದೊಡ್ಡದು. ತೀರಾ ಹತ್ತಿರ ಬಂದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ಕೆಡಿಸುತ್ತದೆ. ಸ್ಕ್ರೂ ತಿರುಗಿಸಿ ಎತ್ತರ ಬದಲಿಸಬಹುದು, ಆದರೆ ಪಿಕಪ್ ಮೇಲೇಳಲು ಅಡಿಯಲ್ಲಿ ಒತ್ತು ಬೇಕು. ಅಡಿಯ ಹಳೆಯ ಸ್ಪಂಜು ಪುಡಿಯಾದಾಗ ನುಡಿಸುವವರು ಪಾತ್ರೆ ತೊಳೆಯುವ ಹೊಸ ಸ್ಪಂಜನ್ನೇ ಕತ್ತರಿಸಿ ತೂರಿಸುವುದುಂಟು. ಅಲ್ಲಿ ಸ್ಪಂಜು, ಇಲ್ಲಿ ನೂಲು. ಎರಡೂ ಮನೆಯ ಮೂಲೆಯಲ್ಲೇ ಸಿಗುವಂಥವು.

ಮತ್ತೆ ಮಿರಜಿಗೆ ಬರೋಣ. ಅಲ್ಲಿ ನೆಲೆಸಿದ್ದ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937) ತಂಬೂರಿಯ ಶ್ರುತಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ವಾದ್ಯಗಳ ರಿಪೇರಿಯನ್ನೂ ಜವಾರಿಯನ್ನೂ ತಾವೇ ಮಾಡಿಕೊಳ್ಳಬಲ್ಲವರಾಗಿದ್ದರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಕನ್ನಡ ನಾಡಿನ ಈ ದೊಡ್ಡ ಕಂಠಗಳ ಹಿಂದೆ ಮಿರಜಿನ ನಾದದ ನೆರಳಿದೆ. ಖಾನ್ ಸಾಹೇಬರ ಸಮಾಧಿ ಅಲ್ಲಿಯ ಮೀರಾ ಸಾಹೇಬ ದರ್ಗಾದ ಆವರಣದಲ್ಲಿದ್ದು, ಪ್ರತಿ ಉರುಸಿನಲ್ಲೂ ಗಾಯಕರು ಅಲ್ಲಿ ಕೂತು ಹಾಡುತ್ತಾರೆ.

ವರ್ಷಗಟ್ಟಲೆ ನುಡಿಸಿದ ಮೇಲೆ ಉಕ್ಕಿನ ತಂತಿ ಕುದುರೆಯಲ್ಲಿ ಗೀರು ಕೊರೆಯುತ್ತದೆ, ನಾದ ಚಪ್ಪೆಯಾಗುತ್ತದೆ. ಆಗ ವಾದ್ಯವನ್ನು ಮತ್ತೆ ಮಿರಜಿಗೆ ಒಯ್ಯಬೇಕು. ಅರ ಹಿಡಿಯುವುದು ಪಳಗಿದ ಕೈಯ ಕೆಲಸ. ನೂಲು ಸವೆದರೆ ಮಾತ್ರ ಅಷ್ಟು ದೂರ ಹೋಗಬೇಕಿಲ್ಲ. ಸದಲಗಾದ ಯಾವ ಟೇಲರ್ ಅಂಗಡಿಯ ರೀಲಿನಿಂದಲಾದರೂ ಗೇಣುದ್ದ ಹತ್ತಿ ದಾರ ತಂದು, ತಂತಿಯನ್ನು ತುಸು ಎತ್ತಿ ತೂರಿಸಿ, ಷಡ್ಜ ಮೀಟುತ್ತ ಮೆಲ್ಲಗೆ ಸರಿಸುತ್ತ ಹೋದರಾಯಿತು, ಝೇಂಕಾರ ಏಳುವ ತನಕ.