ಖಾಲಿ ಕಟ್ಟಡಕ್ಕೆ ಕಲೆಯ ಉತ್ತರ

ಜನ ವಸ್ತುಸಂಗ್ರಹಾಲಯಕ್ಕೆ ಹೋಗುವುದು ವಸ್ತುಗಳನ್ನು ನೋಡಲು. ಬರ್ಲಿನ್‌ನ ಯಹೂದಿ ವಸ್ತುಸಂಗ್ರಹಾಲಯ ಇದಕ್ಕೆ ಅಪವಾದ. ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್ ರೂಪಿಸಿದ, ಸತುವಿನ ತಗಡು ಹೊದ್ದ ಈ ಅಂಕುಡೊಂಕು ಕಟ್ಟಡ 1999ರಲ್ಲಿ ಸಿದ್ಧವಾದಾಗ ಒಳಗೆ ಏನೂ ಇರಲಿಲ್ಲ. ಆದರೂ ಪ್ರದರ್ಶನ ಆರಂಭವಾಗುವ ಮುನ್ನವೇ ಸುಮಾರು 3.5 ಲಕ್ಷ ಮಂದಿ ಬಂದು ಬರಿಗೋಡೆಗಳನ್ನೇ ನೋಡಿ ಹೋದರು.

ನಾಜಿ ನರಮೇಧದಲ್ಲಿ ಇಲ್ಲವಾದವರ ನೆನಪಿಗೆಂದು ಕಟ್ಟಡದ ನಡುವೆ ಎತ್ತರದ ಕಾಂಕ್ರೀಟ್ ಶೂನ್ಯಾವಕಾಶಗಳನ್ನು ಬಿಡಲಾಗಿದೆ. ಕಲಾವಿದರನ್ನು ಸೆಳೆದದ್ದೂ ಈ ಶೂನ್ಯವೇ. ನೃತ್ಯ ಸಂಯೋಜಕಿ ಸಾಶಾ ವಾಲ್ಟ್ಸ್ 1999ರಲ್ಲೇ ತಮ್ಮ ತಂಡದೊಂದಿಗೆ ಆ ಖಾಲಿ ಕೋಣೆಗಳಲ್ಲಿ ನೃತ್ಯ ಪ್ರದರ್ಶಿಸಿದರು. 2000ದಲ್ಲಿ ರಂಗವೇರಿದ ಅವರ ಪ್ರಸಿದ್ಧ ಕೃತಿ 'ಕ್ಯೋರ್ಪರ್' (ದೇಹ) ಬೆಳೆದದ್ದು ಈ ಪ್ರಯೋಗದಿಂದ.

ಕಟ್ಟಡವನ್ನು ಹೀಗೆಯೇ ಬಿಡಿ, ಇದೇ ಸ್ಮಾರಕ ಎಂಬ ವಾದವೂ ಎದ್ದಿತು. ಆದರೆ ಯಹೂದಿಯರ ಸಾವನ್ನಷ್ಟೇ ಅಲ್ಲ, ಜರ್ಮನಿಯಲ್ಲಿ ಅವರು ಬಾಳಿದ ಶತಮಾನಗಳನ್ನೂ ಹೇಳಬೇಕಾದ ಸಂಸ್ಥೆ ಅದನ್ನು ಒಪ್ಪುವುದು ಕಷ್ಟವಿತ್ತು. 2001ರ ಸೆಪ್ಟೆಂಬರ್‌ನಲ್ಲಿ ಪ್ರದರ್ಶನ ಉದ್ಘಾಟನೆಗೊಂಡಿತು; ಶೂನ್ಯಾವಕಾಶಗಳು ಉಳಿದುಕೊಂಡವು. ಅವುಗಳಲ್ಲೊಂದರ ನೆಲದ ತುಂಬ ಇಸ್ರೇಲಿ ಕಲಾವಿದ ಮೆನಾಶೆ ಕಾಡಿಶ್ಮನ್ ಬಾಯ್ದೆರೆದ 10,000ಕ್ಕೂ ಹೆಚ್ಚು ಲೋಹದ ಮುಖಗಳನ್ನು ಹರಡಿದರು. ನೋಡುಗರು ಅವುಗಳನ್ನು ತುಳಿದು ನಡೆಯುತ್ತಿದ್ದರು. ಹೆಜ್ಜೆಯಿಟ್ಟಾಗ ಲೋಹಕ್ಕೆ ಲೋಹ ತಾಗಿದ ಸದ್ದು ಬರಿಗೋಡೆಗಳ ನಡುವೆ ಮೊಳಗುತ್ತಿತ್ತು.